ಇರಾವತಿ ಕರ್ವೆಯನ್ನು ಅರ್ಧ ಓದಿದರೆ ಸಾಲದು

1928ರ ಕೊನೆಯಲ್ಲಿ ಪುಣೆಯ ಹೆಣ್ಣುಮಗಳೊಬ್ಬಳು ಬರ್ಲಿನ್‌ಗೆ ಓದಲು ಹೋದಳು. ಆಗ ಅವಳಿಗೆ ಇಪ್ಪತ್ತಮೂರು ತುಂಬುತ್ತಿತ್ತು, ಮದುವೆಯೂ ಆಗಿತ್ತು. ಸೇರಿದ್ದು ಡಾಹ್ಲೆಮ್ ಬಡಾವಣೆಯಲ್ಲಿ ಹಿಂದಿನ ವರ್ಷವಷ್ಟೇ ತೆರೆದಿದ್ದ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆ. ಅದರ ನಿರ್ದೇಶಕ ಓಯ್‌ಗೆನ್ ಫಿಶರ್ ಜನಾಂಗ ವಿಜ್ಞಾನದಲ್ಲಿ ಯುರೋಪಿನಲ್ಲೆಲ್ಲ ಹೆಸರಾದವನು. ಮನುಷ್ಯರ ತಲೆಬುರುಡೆಯ ಎಡ ಬಲ ಪಕ್ಕಗಳು ಒಂದೇ ಸಮ ಇರುವುದಿಲ್ಲ. ಈ ವ್ಯತ್ಯಾಸಕ್ಕೂ ಜನಾಂಗಕ್ಕೂ ನಂಟಿದೆಯೇ ಎಂದು ಅಳೆದು ನೋಡುವ ಕೆಲಸವನ್ನು ಅವನು ಈ ವಿದ್ಯಾರ್ಥಿನಿಗೆ ವಹಿಸಿದ. ಬಿಳಿಯರ ಬುರುಡೆಯ ರಚನೆಯಲ್ಲೇ ಅವರ ಬುದ್ಧಿಯ ಮೇಲ್ಮೆ ಕಾಣುತ್ತದೆಂಬ ನಂಬಿಕೆ ಆ ಪ್ರಶ್ನೆಯ ಹಿಂದಿತ್ತು. ಅಳೆಯಲು ಕೊಟ್ಟ ಬುರುಡೆಗಳಲ್ಲಿ ಜರ್ಮನಿಯವೂ ಇದ್ದವು, ಆಫ್ರಿಕದ ವಸಾಹತುಗಳಿಂದ ಹೊತ್ತು ತಂದವೂ ಇದ್ದವು. ಅವಳು ಒಂದೊಂದನ್ನೂ ಕ್ಯಾಲಿಪರ್ ಹಿಡಿದು ಅಳೆದಳು, ಲೆಕ್ಕ ಹಾಕಿದಳು, ಅಂಥ ನಂಟು ಯಾವುದೂ ಕಾಣುವುದಿಲ್ಲವೆಂದು ಬರೆದಳು. 1930ರಲ್ಲಿ ಆ ಪ್ರಬಂಧಕ್ಕೇ ಡಾಕ್ಟರೇಟ್ ಬಂತು.

ಮುಂದೆ ಮೂರೇ ವರ್ಷದಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಫಿಶರ್ ಬರ್ಲಿನ್ ವಿಶ್ವವಿದ್ಯಾಲಯದ ಕುಲಪತಿಯಾದ. ಯುದ್ಧದ ಕಾಲದಲ್ಲಿ ಆಷ್‌ವಿಟ್ಸ್ ಶಿಬಿರದಿಂದ ಯೋಸೆಫ್ ಮೆಂಗೆಲೆ ಸತ್ತವರ ದೇಹದ ಭಾಗಗಳನ್ನು ಪರೀಕ್ಷೆಗೆಂದು ಕಳಿಸುತ್ತಿದ್ದದ್ದು ಇದೇ ಸಂಸ್ಥೆಗೆ. ಅಂಥ ಜಾಗದಲ್ಲಿ, ಅಂಥ ಗುರುವಿನ ಕೈಕೆಳಗೆ, ಪರದೇಶದ ಕಂದುಮೈಯ ವಿದ್ಯಾರ್ಥಿನಿಯೊಬ್ಬಳು ಅಂಕಿಗಳು ಹೇಳಿದ್ದನ್ನು ಹಾಗೇ ಬರೆದಿಟ್ಟಳೆಂಬುದು ಸಣ್ಣ ಸಂಗತಿಯಲ್ಲ. ಆಕೆಯೇ ಇರಾವತಿ ಕರ್ವೆ.

ಕನ್ನಡದ ಓದುಗರಿಗೆ ಈ ಹೆಸರು ಪರಿಚಯವಿರುವುದು ‘ಯುಗಾಂತ’ದಿಂದ. ಮಹಾಭಾರತದ ಮೇಲೆ ಮಾತು ಬಂದಲ್ಲೆಲ್ಲ ಆ ಪುಸ್ತಕದ ಪ್ರಸ್ತಾಪ ಬರುತ್ತದೆ. ಸಮಾಜಶಾಸ್ತ್ರದ ತರಗತಿಗಳಲ್ಲಿ ಬಂಧುತ್ವದ ಪಾಠ ಬಂದಾಗ ಮಾತ್ರ ಇನ್ನೊಬ್ಬ ಇರಾವತಿ ಸಿಗುತ್ತಾರೆ, ಪರೀಕ್ಷೆಗೆ ನಾಲ್ಕು ವಲಯಗಳ ಹೆಸರು ಬಾಯಿಪಾಠವಾದ ಮೇಲೆ ಅವರೂ ಮರೆತುಹೋಗುತ್ತಾರೆ. ಸಾಹಿತ್ಯದವರ ಇರಾವತಿಯೇ ಬೇರೆ, ಮಾನವಶಾಸ್ತ್ರದವರ ಇರಾವತಿಯೇ ಬೇರೆ ಎಂಬಂತೆ ಆಗಿಬಿಟ್ಟಿದೆ. ಹೀಗೆ ಪಾಲು ಮಾಡಿದ್ದರಿಂದ ಎರಡು ಕಡೆಯವರಿಗೂ ನಷ್ಟವಾಗಿದೆ. ಬುರುಡೆ ಅಳೆದ ಕೈಯೇ ದ್ರೌಪದಿಯ ಬಗ್ಗೆ ಬರೆದದ್ದು. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ತಿ ತಿಳಿಯುವುದಿಲ್ಲ.

ಇರಾವತಿ ಹುಟ್ಟಿದ್ದು 1905ರ ಡಿಸೆಂಬರ್ 15ರಂದು ಬರ್ಮಾದಲ್ಲಿ. ತಂದೆ ಗಣೇಶ ಹರಿ ಕರ್ಮಾರ್ಕರ್ ಅಲ್ಲಿನ ಹತ್ತಿ ಕಂಪನಿಯಲ್ಲಿ ಎಂಜಿನಿಯರ್. ಆ ದೇಶದ ಮಹಾನದಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳನೆಯ ವಯಸ್ಸಿಗೆ ಅವಳನ್ನು ಪುಣೆಯ ಹುಜೂರ್‌ಪಾಗಾ ಹೆಣ್ಣುಮಕ್ಕಳ ಶಾಲೆಗೆ ಕಳಿಸಿದರು. ಅಲ್ಲಿ ಗೆಳತಿಯಾಗಿ ಸಿಕ್ಕವಳು ಶಕುಂತಲಾ ಪರಾಂಜಪೆ. ಶಕುಂತಲಾಳ ತಂದೆ, ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ರ್‍ಯಾಂಗ್ಲರ್ ಪರಾಂಜಪೆ, ಇರಾವತಿಯನ್ನೂ ಮನೆಮಗಳಂತೆ ಬೆಳೆಸಿದರು. ಪುಸ್ತಕಗಳ ನಡುವೆ, ದೇವರ ಹಂಗಿಲ್ಲದ ಮಾತುಕತೆಯ ನಡುವೆ ಬೆಳೆದ ಹುಡುಗಿ ಫರ್ಗ್ಯುಸನ್‌ನಲ್ಲಿ ತತ್ತ್ವಶಾಸ್ತ್ರ ಓದಿ 1926ರಲ್ಲಿ ಪದವಿ ಪಡೆದಳು. ಆಮೇಲೆ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯೆಯಾಗಿ ತಾನು ಹುಟ್ಟಿದ ಚಿತ್ಪಾವನ ಬ್ರಾಹ್ಮಣ ಸಮುದಾಯದ ಮೇಲೆಯೇ ಪ್ರಬಂಧ ಬರೆದಳು.

ಮದುವೆಯಾದದ್ದು ಮಹರ್ಷಿ ಧೋಂಡೋ ಕೇಶವ ಕರ್ವೆ ಅವರ ಮಗ, ರಸಾಯನಶಾಸ್ತ್ರದ ಅಧ್ಯಾಪಕ ದಿನಕರ ಕರ್ವೆಯವರನ್ನು. ವಿಧವೆಯನ್ನೇ ಮದುವೆಯಾಗಿ, ವಿಧವೆಯರಿಗಾಗಿ ಆಶ್ರಮ ಕಟ್ಟಿ, ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಾವನ ಮನೆ ಅದು. ಮೈದುನ ಭಾವಂದಿರ ಪೈಕಿ ರಘುನಾಥ ಕರ್ವೆ ಸಂತಾನ ನಿಯಂತ್ರಣದ ಬಗ್ಗೆ ಬಹಿರಂಗವಾಗಿ ಬರೆದು ಕೋರ್ಟು ಹತ್ತಿದವರು. ಇಂಥ ಮನೆಯಲ್ಲೂ ಸೊಸೆ ಜರ್ಮನಿಗೆ ಹೋಗಿ ಓದುವುದು ಮಹರ್ಷಿಗಳಿಗೆ ಒಪ್ಪಿಗೆಯಾಗಲಿಲ್ಲ ಎಂಬುದನ್ನು ನೆನಪಿಡಬೇಕು. ಹೆಣ್ಣುಮಕ್ಕಳ ಓದಿಗೆ ಜೀವ ತೇದ ಹಿರಿಯರಿಗೂ ಮನೆಯ ಸೊಸೆಯ ವಿಷಯ ಬಂದಾಗ ಒಂದು ಗೆರೆ ಇತ್ತು. ಆ ಗೆರೆ ದಾಟಲು ದಿನಕರ ಜೊತೆ ಕೊಟ್ಟರು. ಹಣವನ್ನು ಸಾಲವಾಗಿ ಕೊಟ್ಟವರು ಕಾಂಗ್ರೆಸ್ಸಿನ ಜೀವರಾಜ ಮೆಹತಾ, ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದವರು. ಗಂಡನನ್ನು ‘ದಿನು’ ಎಂದು ಹೆಸರು ಹಿಡಿದು ಕರೆಯುತ್ತಿದ್ದ, 1950ರ ದಶಕದಲ್ಲೇ ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸುತ್ತಿದ್ದ ಇರಾವತಿಯ ಬಗ್ಗೆ ಆ ಊರಿನಲ್ಲಿ ಈಗಲೂ ಮಾತು ಉಳಿದಿದೆ. ಆದರೆ ಬರೀ ಸ್ಕೂಟರಿನ ಕಥೆ ಹೇಳಿ ಮುಗಿಸುವುದು ಆ ವಿದ್ವತ್ತಿಗೆ ಮಾಡುವ ಅನ್ಯಾಯ.

ಬರ್ಲಿನ್‌ನಿಂದ ಬಂದ ಮೇಲೆ ಕೆಲವು ವರ್ಷ ಮುಂಬಯಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದರು. ಕಡತಗಳ ಕೆಲಸ ಅವರಿಗೆ ಹಿಡಿಸಲಿಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ಕೊನೆಯವರೆಗೂ ಅವರ ಕೆಲಸದ ನೆಲೆ ಅದೇ. ಅಲ್ಲಿ ಜೊತೆಗಾರರಾಗಿದ್ದವರು ಪುರಾತತ್ತ್ವಜ್ಞ ಎಚ್.ಡಿ. ಸಾಂಕಳಿಯಾ. ಅವರೊಂದಿಗೆ ಗುಜರಾತಿನ ಲಾಂಘ್ಣಜದಲ್ಲಿ ಶಿಲಾಯುಗದ ಮನುಷ್ಯರ ಅಸ್ಥಿಗಳನ್ನು ಮಣ್ಣಿನಿಂದ ಬಿಡಿಸಿದರು. ಇನ್ನೊಂದು ಕಡೆ ಮಹಾರಾಷ್ಟ್ರದ ಉದ್ದಗಲಕ್ಕೆ ಓಡಾಡಿ ಜಾತಿ ಜಾತಿಯ ಜನರ ಎತ್ತರ, ತಲೆ, ಮೂಗುಗಳ ಅಳತೆ ತೆಗೆದರು. 1947ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗಕ್ಕೆ ಅಧ್ಯಕ್ಷರಾದರು.

ಈ ಅಳತೆಗಳಿಂದ ಹುಟ್ಟಿದ ಒಂದು ವಾದ ಇಂದಿಗೂ ಬಿಸಿಯಾಗಿದೆ. ಜಾತಿ ಹೇಗೆ ಹುಟ್ಟಿತೆಂಬ ಪ್ರಶ್ನೆಗೆ ಆಗ ಬಳಕೆಯಲ್ಲಿದ್ದ ಉತ್ತರ ಸರಳವಾಗಿತ್ತು: ಮೊದಲು ದೊಡ್ಡ ಜಾತಿಯಿತ್ತು, ಅದು ಒಡೆದು ಒಡೆದು ಉಪಜಾತಿಗಳಾದವು. ಗುರು ಘುರ್ಯೆ ಅವರ ನಿಲುವೂ ಹೆಚ್ಚುಕಡಿಮೆ ಇದೇ. ಶಿಷ್ಯೆ ಒಪ್ಪಲಿಲ್ಲ. ಮಹಾರಾಷ್ಟ್ರದ ಬ್ರಾಹ್ಮಣರನ್ನೇ ತೆಗೆದುಕೊಂಡರೂ ಚಿತ್ಪಾವನರು, ದೇಶಸ್ಥರು, ಮಾಧ್ಯಂದಿನರು ಮೈಕಟ್ಟಿನಲ್ಲಿ ಒಂದೇ ಬುಡದಿಂದ ಒಡೆದವರಂತೆ ಕಾಣುವುದಿಲ್ಲ. ಕುಂಬಾರರಲ್ಲಿ ದೊಡ್ಡ ತಿಗರಿಯವರೇ ಬೇರೆ, ಸಣ್ಣ ತಿಗರಿಯವರೇ ಬೇರೆ. ಮಡಕೆ ಮಾಡುವ ರೀತಿಯೂ ಬೇರೆ, ಹೆಣ್ಣು ಕೊಟ್ಟು ತರುವ ಸಂಬಂಧವೂ ಇಲ್ಲ. ಅಂದರೆ ಒಡೆದು ಚಿಕ್ಕದಾದದ್ದಕ್ಕಿಂತ ಮೊದಲೇ ಬೇರೆಬೇರೆಯಾಗಿದ್ದ ಗುಂಪುಗಳು ಒಂದೇ ಕಸುಬಿನ, ಒಂದೇ ಹೆಸರಿನ ಸೂರಿನಡಿ ಬಂದು ಕೂತದ್ದೇ ಹೆಚ್ಚು. ತಮ್ಮೊಳಗೇ ಮದುವೆಯಾಗುವ ಸಣ್ಣ ಗುಂಪೇ ನಿಜವಾದ ಘಟಕ, ದೊಡ್ಡ ಹೆಸರು ಅಂಥ ಗುಂಪುಗಳ ಗೊಂಚಲು ಎಂಬುದು ಅವರ ತರ್ಕ. 1961ರ ‘ಹಿಂದೂ ಸಮಾಜ: ಒಂದು ವ್ಯಾಖ್ಯಾನ’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು.

ಕರ್ನಾಟಕದಲ್ಲಿ ಸಮೀಕ್ಷೆಯವರು ಮನೆಬಾಗಿಲಿಗೆ ಬಂದಾಗ ಜಾತಿಯ ಕಾಲಂನಲ್ಲಿ ಏನು, ಉಪಜಾತಿಯ ಕಾಲಂನಲ್ಲಿ ಏನು ಬರೆಸಬೇಕೆಂದು ಮಠಗಳೂ ಸಂಘಗಳೂ ಕರೆ ಕೊಡುವುದನ್ನು ನೋಡಿದವರಿಗೆ ಇರಾವತಿಯ ತರ್ಕ ಎಷ್ಟು ಹತ್ತಿರದ್ದೆಂದು ಹೊಳೆಯಬೇಕು. ಹೆಸರು ಒಂದಾಗಿರುವುದು ಯಾರ ಅನುಕೂಲಕ್ಕೆ, ಮದುವೆ ಮಾತ್ರ ಬೇರೆ ಬೇರೆಯಾಗಿಯೇ ಉಳಿದಿರುವುದು ಏಕೆ ಎಂದು ಕೇಳಲು ಅರವತ್ತು ವರ್ಷಗಳ ಹಿಂದೆಯೇ ಅವರು ದಾರಿ ಮಾಡಿಕೊಟ್ಟಿದ್ದರು.

ಅವರ ಅತಿ ದೊಡ್ಡ ಶಾಸ್ತ್ರೀಯ ಕೆಲಸ 1953ರಲ್ಲಿ ಬಂದ, ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಗ್ರಂಥ. ಭಾಷಾ ಪ್ರದೇಶವನ್ನೂ ಕಳ್ಳುಬಳ್ಳಿಯನ್ನೂ ಒಂದರ ಮೇಲೊಂದಿಟ್ಟು ನೋಡಿ ಅವರು ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯ ಮಾಡಿದರು. ಉತ್ತರದಲ್ಲಿ ಹೆಣ್ಣನ್ನು ಸ್ವಂತ ಊರಿನಲ್ಲಿ ಕೊಡುವಂತಿಲ್ಲ, ತಂದೆಯ ಗೋತ್ರ ಬಿಡಬೇಕು, ತಾಯಿಯ ಕಡೆಯದನ್ನೂ ಬಿಡಬೇಕು. ಮದುಮಗಳು ಮುಖ ನೋಡಿರದ ಜನರ ನಡುವೆ, ಸೆರಗು ಎಳೆದುಕೊಂಡು ಬದುಕು ಶುರು ಮಾಡುತ್ತಾಳೆ. ದಕ್ಷಿಣದಲ್ಲಿ ಕಥೆಯೇ ಬೇರೆ. ಅತ್ತೆಯ ಮಗ, ಮಾವನ ಮಗಳು, ಹಲವು ಕಡೆ ಸ್ವತಃ ಸೋದರಮಾವನೇ ವರ. ಕನ್ನಡದ ಮನೆಗಳಲ್ಲಿ ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೊಸೆ ಹೋಗುವ ಮನೆ ಎಷ್ಟೋ ಸಲ ಅವಳು ಚಿಕ್ಕಂದಿನಲ್ಲಿ ಆಡಿ ಬೆಳೆದ ಮನೆ. ಈ ವ್ಯತ್ಯಾಸ ಹೆಣ್ಣಿನ ದಿನದಿನದ ಬಾಳಿನಲ್ಲಿ ಏನು ಮಾಡುತ್ತದೆ ಎಂಬುದು ಇರಾವತಿಗೆ ಮುಖ್ಯವಾಗಿತ್ತು. ಮಹಾರಾಷ್ಟ್ರ ನಡುವೆ ನಿಂತದ್ದು: ಅಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇಲ್ಲ. ಎರಡು ಪದ್ಧತಿಗಳ ಗಡಿಯಲ್ಲಿ ಬದುಕಿದ್ದರಿಂದಲೇ ಎರಡೂ ಕಡೆಯನ್ನು ಅಷ್ಟು ಚೆನ್ನಾಗಿ ಕಾಣಲು ಅವರಿಗೆ ಸಾಧ್ಯವಾಯಿತು ಎನ್ನಬಹುದು.

ಘುರ್ಯೆ ಅವರ ಇನ್ನೊಬ್ಬ ಶಿಷ್ಯ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಕೊಡಗರ ಮೇಲಿನ ಗ್ರಂಥದಿಂದಲೂ ರಾಮಪುರವೆಂಬ ಒಂದೇ ಹಳ್ಳಿಯಲ್ಲಿ ತಳವೂರಿ ಕಂಡದ್ದನ್ನು ಬರೆದ ಪುಸ್ತಕದಿಂದಲೂ ಅವರು ಜಗತ್ತಿನಾದ್ಯಂತ ಹೆಸರಾದರು. ಒಂದು ಊರನ್ನು ಆಳವಾಗಿ ನೋಡುವ ಆ ವಿಧಾನವೇ ಮುಂದೆ ವಿಶ್ವವಿದ್ಯಾಲಯಗಳಲ್ಲಿ ಗೆದ್ದಿತು. ಇಡೀ ಉಪಖಂಡವನ್ನು ಸುತ್ತಿ, ವೇದ, ಮಹಾಕಾವ್ಯ, ಗಾದೆ, ರಕ್ತದ ಗುಂಪು, ಮೂಳೆ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಇರಾವತಿಯ ಹಾದಿಗೆ ಹಿಂಬಾಲಕರು ಕಡಿಮೆಯಾದರು. ಅಷ್ಟು ಹರಡಿದ ಕೆಲಸದಲ್ಲಿ ಆಳ ತಪ್ಪುವ ಅಪಾಯ ಇರುವುದರಿಂದ ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಆದರೆ ಇರಾವತಿ ಹಿಂದೆ ಬೀಳಲು ಅದೊಂದೇ ಕಾರಣವಲ್ಲ. ಅವರು ದೆಹಲಿಯಲ್ಲಿ ಇರಲಿಲ್ಲ, ಪುಣೆಯಲ್ಲಿದ್ದರು, ಮನಸ್ಸಿಗೆ ಹತ್ತಿರವಾದದ್ದನ್ನು ಇಂಗ್ಲಿಷಿನಲ್ಲಿ ಬರೆಯದೆ ಮರಾಠಿಯಲ್ಲಿ ಬರೆದರು, ಹೆಂಗಸಾಗಿದ್ದರು. ಭಾರತದ ವಿದ್ವತ್ತಿನಲ್ಲಿ ಈ ಮೂರೂ ಒಟ್ಟಿಗೆ ಸೇರಿದರೆ ಹೆಸರು ಅಡಿಟಿಪ್ಪಣಿಗೆ ಇಳಿಯುವುದು ಸುಲಭ.

ಮರಾಠಿಯ ಆ ಬರಹಗಳನ್ನು ಓದಿದವರಿಗೆ ಅವರು ವಿಜ್ಞಾನವನ್ನು ಬದಿಗಿಟ್ಟು ಸಾಹಿತ್ಯಕ್ಕೆ ಬಂದವರಲ್ಲ ಎಂದು ತಿಳಿಯುತ್ತದೆ. ‘ಪರಿಪೂರ್ತಿ’ ಎಂಬ ಪ್ರಬಂಧವನ್ನೇ ನೋಡಿ. ಸಭೆಯೊಂದರಲ್ಲಿ ಅವರನ್ನು ಇಂಥವರ ಸೊಸೆ, ಇಂಥವರ ಹೆಂಡತಿ ಎಂದು ಪರಿಚಯಿಸುತ್ತಾರೆ. ಇನ್ನೂ ಏನೋ ಬಿಟ್ಟುಹೋಯಿತಲ್ಲ ಎಂದುಕೊಂಡೇ ಅವರು ಮನೆಯ ದಾರಿ ಹಿಡಿದಾಗ, ಬೀದಿಯಲ್ಲಿ ಆಡುತ್ತಿದ್ದ ಹುಡುಗನೊಬ್ಬ ತನ್ನ ತರಗತಿಯ ಕರ್ವೆಯ ಅಮ್ಮ ಇವರೇ ಎಂದು ಜೊತೆಗಾರರಿಗೆ ತೋರಿಸುತ್ತಾನೆ. ಪರಿಚಯ ಅಲ್ಲಿಗೆ ಪೂರ್ತಿಯಾಗುತ್ತದೆ. ಹೆಣ್ಣು ಯಾವಾಗಲೂ ಯಾರೋ ಒಬ್ಬರ ಸಂಬಂಧದಿಂದಲೇ ಗುರುತಾಗುವ ಸಮಾಜದ ಬಗ್ಗೆ ದೊಡ್ಡ ಗ್ರಂಥ ಬರೆದವರು ಅದೇ ಸತ್ಯವನ್ನು ತಮ್ಮ ಮೈಮೇಲೆ ಹಾಕಿಕೊಂಡು ನಾಲ್ಕು ಪುಟದಲ್ಲಿ ಹೇಳಿದ್ದಾರೆ, ಅಲ್ಲಿ ನೋವೂ ಇದೆ, ಪ್ರೀತಿಯೂ ಇದೆ.

ಪಂಢರಪುರದ ವಾರಿಯ, ಅಂದರೆ ಕಾಲ್ನಡಿಗೆ ಯಾತ್ರೆಯ, ಮೇಲಿನ ಬರಹ ಇದಕ್ಕಿಂತ ಒಂದು ತೂಕ ಹೆಚ್ಚು. ಜ್ಞಾನೇಶ್ವರರ ಪಲ್ಲಕ್ಕಿಯ ಹಿಂದೆ ಆಳಂದಿಯಿಂದ ಪಂಢರಪುರಕ್ಕೆ ಮಳೆ ಕೆಸರಿನಲ್ಲಿ ಹೆಂಗಸರ ಜೊತೆ ನಡೆದರು. ದೇವರ ಮೇಲೆ ಅವರಿಗೆ ಅಂಥ ಭಕ್ತಿ ಇರಲಿಲ್ಲ. ಆದರೂ ಹಾಡುತ್ತ, ನಗುತ್ತ, ಒಬ್ಬರ ಗಂಟನ್ನು ಇನ್ನೊಬ್ಬರು ಹೊರುತ್ತ ಸಾಗಿದ ಆ ಜನಸಾಗರದಲ್ಲಿ, ಪಂಢರಪುರಕ್ಕೆ ನಡೆದುಬರುವ ಜನರ ನಾಡೇ ಮಹಾರಾಷ್ಟ್ರ ಎಂಬ ಹೊಸ ಎಲ್ಲೆಯನ್ನು ಅವರು ಕಂಡುಕೊಂಡರು. ಆದರೆ ಒಟ್ಟಿಗೆ ನಡೆಯುವ ಒಂದೇ ತಂಡದಲ್ಲಿ, ಅಂದರೆ ದಿಂಡಿಯಲ್ಲಿ, ಬ್ರಾಹ್ಮಣ ಹೆಂಗಸರ ಒಲೆ ಬೇರೆ, ಮರಾಠಾ ಹೆಂಗಸರ ಒಲೆ ಬೇರೆ. ದಿನವಿಡೀ ಒಂದೇ ಅಭಂಗ ಹಾಡಿದವರು ಊಟಕ್ಕೆ ಕೂರುವಾಗ ಎರಡಾಗುತ್ತಿದ್ದರು. ಅದು ಅವರ ಮನಸ್ಸನ್ನು ಎಷ್ಟು ಕಲಕಿತೆಂಬುದನ್ನು ಅವರು ಮುಚ್ಚಿಡಲಿಲ್ಲ. ವಿಠ್ಠಲ ಕನ್ನಡಿಗರ ಪಾಲಿಗೂ ಸ್ವಂತ ದೇವರು. ಪುರಂದರದಾಸರ ಅಂಕಿತದಲ್ಲೇ ಅವನಿದ್ದಾನೆ. ಗಡಿಜಿಲ್ಲೆಗಳಿಂದ ಪ್ರತಿ ಆಷಾಢದಲ್ಲಿ ಕಾಲ್ನಡಿಗೆಯಲ್ಲಿ ಹೊರಡುವ ನಮ್ಮ ಜನರಿಗೆ ಈ ಬರಹ ಹೊರಗಿನದೆಂದು ಅನಿಸಲಾರದು.

ಇನ್ನು ‘ಯುಗಾಂತ’. ಮರಾಠಿಯಲ್ಲಿ 1967ರಲ್ಲಿ ಬಂದು, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. 1969ರಲ್ಲಿ ಇಂಗ್ಲಿಷಿನಲ್ಲೂ ಬಂತು. ಈ ಪುಸ್ತಕದ ನೆಲಗಟ್ಟು ಪುಣೆಯಲ್ಲೇ ಇತ್ತು. ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನಾ ಮಂದಿರ ದೇಶದ ಮೂಲೆಮೂಲೆಯ ಹಸ್ತಪ್ರತಿಗಳನ್ನು ಹೋಲಿಸಿ, 1919ರಿಂದ ಸುಮಾರು ಅರ್ಧ ಶತಮಾನ ಶ್ರಮಿಸಿ ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿತ್ತು. ಇರಾವತಿ ಆ ಪಾಠವನ್ನು ಹಿಡಿದು, ಆಮೇಲೆ ಸೇರಿದ ಪವಾಡ, ಭಕ್ತಿ, ಸಮರ್ಥನೆಗಳನ್ನು ಕಳಚಿ, ಒಳಗಿದ್ದ ಮನುಷ್ಯರನ್ನು ನೋಡಿದರು. ಭೀಷ್ಮನ ತ್ಯಾಗದ ಬೆಲೆಯನ್ನು ಅಂಬೆ, ಗಾಂಧಾರಿ, ಕುಂತಿಯರು ತೆತ್ತರಲ್ಲವೇ ಎಂದು ಕೇಳಿದರು. ಖಾಂಡವವನ ಸುಟ್ಟದ್ದನ್ನು ಅಗ್ನಿಯ ಹಸಿವಿನ ಕಥೆಯಾಗಿ ಅವರು ಓದಲಿಲ್ಲ. ಹೊಸ ನೆಲಕ್ಕಾಗಿ ಕಾಡನ್ನೂ ಅಲ್ಲಿದ್ದ ನಾಗರನ್ನೂ ಮುಗಿಸಿದ ಕಥೆಯಾಗಿ ಓದಿದರು. ವಿದುರನೇ ಧರ್ಮರಾಯನ ತಂದೆ ಇರಬಹುದೇ ಎಂದು ಗಂಡನ ಬದಲು ಅವನ ಸೋದರನಿಂದ ಮಗು ಪಡೆಯುವ ನಿಯೋಗದ ರೂಢಿಯನ್ನು ಮುಂದಿಟ್ಟು ತರ್ಕಿಸಿದರು. ಇದು ಬಂಧುತ್ವದ ಗ್ರಂಥ ಬರೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಮಹಾಪ್ರಸ್ಥಾನದಲ್ಲಿ ಕುಸಿದುಬಿದ್ದ ದ್ರೌಪದಿ ಕೊನೆಯ ಗಳಿಗೆಯಲ್ಲಿ ಭೀಮನ ಪ್ರೀತಿಯನ್ನು ಗುರುತಿಸುವ ದೃಶ್ಯ ಮಾತ್ರ ವ್ಯಾಸರಲ್ಲಿಲ್ಲ, ತಮ್ಮ ಕಲ್ಪನೆಯೆಂದು ಅವರೇ ಹೇಳಿ ಬರೆದಿದ್ದಾರೆ. ಯಾವುದು ಪಾಠದಲ್ಲಿದೆ, ಯಾವುದು ತಾನು ಸೇರಿಸಿದ್ದು ಎಂದು ಗೆರೆ ಎಳೆದು ತೋರಿಸುವ ಈ ಶಿಸ್ತು ಪ್ರಯೋಗಶಾಲೆಯಿಂದ ಬಂದದ್ದು.

ಪಾತ್ರಗಳನ್ನು ತಿರುಗಿ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. ಸಾವಿರ ವರ್ಷದ ಹಿಂದೆಯೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ, ಕರ್ಣನನ್ನು ಎಲ್ಲರಿಗಿಂತ ಎತ್ತರಕ್ಕೆ ಏರಿಸಿದ. ‘ಯುಗಾಂತ’ ಬಂದ ಒಂದು ದಶಕದ ನಂತರ, 1979ರಲ್ಲಿ, ಎಸ್.ಎಲ್. ಭೈರಪ್ಪ ‘ಪರ್ವ’ದಲ್ಲಿ ಪವಾಡಗಳನ್ನೆಲ್ಲ ತೆಗೆದು ನಿಯೋಗ, ಬಹುಪತಿತ್ವ, ಕುಲಗಳ ಸೆಣಸಾಟವಾಗಿ ಕಥೆ ಹೇಳಿದರು. ‘ಪರ್ವ’ವನ್ನು ಮೆಚ್ಚಿದವರೂ ಜಗಳವಾಡಿದವರೂ ‘ಯುಗಾಂತ’ವನ್ನು ಪಕ್ಕದಲ್ಲಿಟ್ಟು ಓದಿದರೆ, ಕಾದಂಬರಿಕಾರನಿಗೆ ಇರುವ ಸ್ವಾತಂತ್ರ್ಯ ಎಷ್ಟು, ವಿದ್ವಾಂಸೆ ತನಗೆ ತಾನೇ ಹಾಕಿಕೊಂಡ ಕಟ್ಟು ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಇರಾವತಿಯನ್ನು ದೇವರ ಕೋಣೆಯಲ್ಲಿ ಕೂರಿಸುವುದೂ ತಪ್ಪು. ಬರ್ಲಿನ್‌ನಲ್ಲಿ ಗುರುವಿನ ನಂಬಿಕೆಯನ್ನು ಅಳತೆಯಿಂದಲೇ ಸುಳ್ಳುಮಾಡಿದವರು ಮುಂದೆ ಮೂರು ದಶಕ ಅದೇ ಕ್ಯಾಲಿಪರನ್ನು ಕೈಬಿಡಲಿಲ್ಲ. ಮೂಗಿನ ಉದ್ದಗಲದಿಂದ ಸಮಾಜದ ಚರಿತ್ರೆ ತಿಳಿಯಬಹುದೆಂಬ ವಿಶ್ವಾಸ ಅವರಲ್ಲಿ ಕೊನೆಯವರೆಗೂ ಇತ್ತು. ಜಗತ್ತಿನ ಮಾನವಶಾಸ್ತ್ರ ಅಷ್ಟರಲ್ಲಿ ಆ ದಾರಿಯನ್ನು ಬಿಟ್ಟು ಬಹುದೂರ ಬಂದಿತ್ತು. ಭಾರತವೆಂದಾಗ ಅವರ ಕಣ್ಣಮುಂದೆ ಬರುತ್ತಿದ್ದದ್ದು ಹೆಚ್ಚಾಗಿ ಹಿಂದೂ ಸಮಾಜವೇ. ಮುಸ್ಲಿಮರು, ಕ್ರೈಸ್ತರು ಅವರ ದೊಡ್ಡ ನಕ್ಷೆಯ ಅಂಚಿನಲ್ಲಿ ಉಳಿದರು. ನಂದಿನಿ ಸುಂದರ್ ಅವರಂಥ ಇಂದಿನ ಸಮಾಜಶಾಸ್ತ್ರಜ್ಞರು ಇರಾವತಿಯ ಬಗ್ಗೆ ಗೌರವದಿಂದ ಬರೆಯುತ್ತಲೇ ಇಂಥ ಕೊರತೆಗಳನ್ನು ಎತ್ತಿ ತೋರಿಸಿದ್ದಾರೆ. ಹಾಗೆ ಓದುವುದೇ ಸರಿ. ಸ್ವತಃ ಗುರುವನ್ನೂ ಭೀಷ್ಮನನ್ನೂ ಬಿಡದೆ ಪ್ರಶ್ನಿಸಿದವರು ತಮ್ಮನ್ನು ಮಾತ್ರ ಪೂಜಿಸಿ ಎನ್ನುತ್ತಿರಲಿಲ್ಲ.

ಅವರ ಕೊನೆಯ ವರ್ಷಗಳ ಒಂದು ಕೆಲಸ ಸಾಹಿತ್ಯದವರ ಪಟ್ಟಿಯಲ್ಲೂ ಇಲ್ಲ, ಸಮಾಜಶಾಸ್ತ್ರದ ಪಠ್ಯದಲ್ಲೂ ಅಷ್ಟಾಗಿ ಇಲ್ಲ. ಮಗಳು, ಲೇಖಕಿ ಜಾಯಿ ನಿಂಬಕರ್ ಜೊತೆ ಸೇರಿ ಅವರು ಕೊಯ್ನಾ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಸಮೀಕ್ಷೆ ಮಾಡಿದರು. 1969ರಲ್ಲಿ ಅದು ಪುಸ್ತಕವಾಗಿ ಬಂತು. ಅಣೆಕಟ್ಟುಗಳನ್ನು ಹೊಸ ಭಾರತದ ಹೆಮ್ಮೆಯೆಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲ ಅದು. ಮುಳುಗಿದ ಹಳ್ಳಿಯ ಜನ ಎಲ್ಲಿ ಹೋದರು, ಹೇಗೆ ಬದುಕುತ್ತಿದ್ದಾರೆ ಎಂದು ಹುಡುಕಿಕೊಂಡು ಹೋಗುವ ವಿದ್ವಾಂಸರು ಬಹಳ ಇರಲಿಲ್ಲ. ನರ್ಮದಾ ಕಣಿವೆಯ ಹೋರಾಟ ದೇಶದ ಕಿವಿಗೆ ಬೀಳಲು ಇನ್ನೂ ಒಂದೂವರೆ ದಶಕ ಬೇಕಿತ್ತು. ಮರುವರ್ಷ, 1970ರ ಆಗಸ್ಟ್ 11ರಂದು, ಇರಾವತಿ ತೀರಿಕೊಂಡರು.

ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಕೃಷ್ಣೆ ಕೆಳಗೆ ಬಂದಾಗ ಆಲಮಟ್ಟಿಯಲ್ಲಿ ನಮ್ಮ ಅಣೆಕಟ್ಟು ಇದೆ. ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ ಸುತ್ತಲ ಹಳ್ಳಿಗಳೂ ಅದರ ಹಿನ್ನೀರಿಗೆ ಹೋದವು, ಪುನರ್ವಸತಿಯ ತಕರಾರು ಇನ್ನೂ ಮುಗಿದಿಲ್ಲ. ಧಾರವಾಡದಲ್ಲಾಗಲಿ ವಿಜಯಪುರದಲ್ಲಾಗಲಿ ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳ ಕೈಗೆ ಕೊಯ್ನಾ ವರದಿಯನ್ನು ಕೊಟ್ಟು, ಅದೇ ಪ್ರಶ್ನೆಗಳನ್ನು ಹಿಡಿದು ಬಾಗಲಕೋಟೆಯ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಕಳಿಸಬೇಕು. ಹೋದವರು ಯಾರ ಮನೆಗೆ ಯಾರು ಈಗ ಹೆಣ್ಣು ಕೊಡುತ್ತಿದ್ದಾರೆ, ಒಂದೇ ಓಣಿಯಲ್ಲಿದ್ದ ಬಂಧುಗಳು ಎಷ್ಟು ಕಡೆ ಚದುರಿದ್ದಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಲಿ.